ಎಸ್ಟೇಟ್ ಸೇಲ್‌ನಲ್ಲಿ ಸಿಕ್ಕ ಎರಡು ಲೂಯಿವಿಲ್ ಸ್ಲಗರ್: ಪಂದ್ಯದಲ್ಲಿ ಆಡಿದ್ದೋ, ಅಂಗಡಿಯದ್ದೋ?

ಸಾಗರದವ (ಪಿಟ್ಸ್‌ಬರ್ಗ್) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲೇ ಹತ್ತಿರದ ಎಸ್ಟೇಟ್ ಸೇಲ್ (ಮನೆಯ ಸಾಮಾನೆಲ್ಲ ಮಾರುವ ಮಾರಾಟ) ಒಂದರಲ್ಲಿ ಲೂಯಿವಿಲ್ ಸ್ಲಗರ್ ಹೆಸರಿನ ಎರಡು ಹಳೆಯ ಬೇಸ್‌ಬಾಲ್ ಬ್ಯಾಟ್ ಕೊಂಡಿದ್ದೇನೆ. ಎರಡರ ಮೇಲೂ ಅಂಡಾಕಾರದ ಮುದ್ರೆಯೊಳಗೆ ದೊಡ್ಡದಾಗಿ ಕಂಪನಿಯ ಹೆಸರು ಹಿಲರಿಕ್ ಅಂಡ್ ಬ್ರ್ಯಾಡ್ಸ್‌ಬಿ, ಎಡಕ್ಕೆ 125, ಬಲಕ್ಕೆ ಪವರೈಸ್ಡ್ ಎಂದಿದೆ.

ಮೊದಲನೆಯದರ ಬ್ಯಾರೆಲ್ (ಚೆಂಡು ಹೊಡೆಯುವ ದಪ್ಪ ಭಾಗ) ಮೇಲೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಆಟಗಾರ ರಾಬರ್ಟೊ ಕ್ಲೆಮೆಂಟೆ ಸಹಿಯ ಮುದ್ರೆ. ನಾಬ್ (ಹಿಡಿಯ ತುದಿಯ ಗುಂಡು) ತಳದಲ್ಲಿ ಒತ್ತಿದ 35, ಪಕ್ಕದಲ್ಲಿ ಕಪ್ಪು ಮಾರ್ಕರ್‌ನಲ್ಲಿ ಬರೆದ 21. ಉದ್ದ 35 ಇಂಚು, ತೂಕ 33.4 ಔನ್ಸ್. ಬಿರುಕಿಲ್ಲ.

ಎರಡನೆಯದರ ಹೆಸರು ಸವೆದು ಹೋಗಿದೆ, ಓದಲು ಆಗುತ್ತಿಲ್ಲ. ನಾಬ್ ತಳದಲ್ಲಿ ಎಸ್2 ಎಂದು ಒತ್ತಿದ್ದಾರೆ. ಉದ್ದ ಸುಮಾರು 34½ ಇಂಚು, ತೂಕ 31.7 ಔನ್ಸ್. ಹಿಡಿಯಲ್ಲಿ ಏಳು ಇಂಚಿನಷ್ಟು ಉದ್ದದ ಬಿರುಕು. ಹಿಡಿಯ ಮೇಲ್ಭಾಗದಲ್ಲಿ ಕಪ್ಪಗೆ ಅಂಟಂಟಾಗಿ ಏನೋ ಇದೆ. ಬ್ಯಾರೆಲ್ ಮೇಲೆ ನೀಲಿ ಗೀಟುಗಳು.

ಮೊದಲನೆಯದು ಕ್ಲೆಮೆಂಟೆ ಆಡಿದ ಬ್ಯಾಟ್ ಇರಬಹುದೇ? 21 ಅವರ ಜೆರ್ಸಿ ಸಂಖ್ಯೆ ಎಂದು ಗೊತ್ತು. ಎರಡನೆಯದನ್ನು ತೊಳೆದು, ಬಿರುಕಿಗೆ ಅಂಟು ಹಾಕಿ, ಅಗಸೆ ಎಣ್ಣೆ ಹಚ್ಚಿ ಮಾರೋಣ ಅಂದುಕೊಂಡಿದ್ದೇನೆ. ಪ್ರಮಾಣೀಕರಣ ಎಲ್ಲಿ ಮಾಡಿಸಬೇಕು, ಎಲ್ಲಿ ಮಾರಬೇಕು ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಬೂದುಮರ:

ಸರ್, ಮೊದಲು ಎಣ್ಣೆಯ ಡಬ್ಬಿಯನ್ನೂ ಅಂಟನ್ನೂ ಎತ್ತಿಡಿ. ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಉಣಿಸಿ ಬೆಳೆದ ಕೈ ನಮ್ಮದು, ಆದರೆ ಇಲ್ಲಿ ಅದು ಬ್ಯಾಟನ್ನು ಕೊಲ್ಲುತ್ತದೆ. ಚೆಂಡಿನ ಗುರುತು, ಅಂಟು, ಶಾಯಿ, ಮಣ್ಣು, ಇವೇ ನಿಮ್ಮ ಸಾಕ್ಷಿಗಳು. ಎಣ್ಣೆ ಒಮ್ಮೆ ಎಳೆಯೊಳಗೆ ಇಳಿದರೆ ಅವೆಲ್ಲ ಮಸುಕಾಗುತ್ತವೆ, ತೂಕವೂ ಬದಲಾಗುತ್ತದೆ. ಬಿರುಕು ಬಿಟ್ಟ ಹಿಡಿ ಪಂದ್ಯದಲ್ಲಿ ಆಡಿದ ಬ್ಯಾಟಿಗೆ ಸಹಜ ಲಕ್ಷಣ, ಬಹಳಷ್ಟು ಬ್ಯಾಟ್ ಆಟಗಾರನ ಕೈಬಿಟ್ಟು ಹೊರಗೆ ಬಂದದ್ದೇ ಬಿರುಕು ಬಿಟ್ಟದ್ದರಿಂದ. ಈಗ ಹಾಕುವ ಅಂಟು ದುರಸ್ತಿ ಎಂದು ದಾಖಲಾಗಿ ಬೆಲೆ ಇಳಿಸುತ್ತದೆ.

ಇನ್ನು ಕ್ಲೆಮೆಂಟೆ ಬ್ಯಾಟ್. ಬೇಸರ ಮಾಡಿಕೊಳ್ಳಬೇಡಿ, ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ. ನಾಬ್ ಮೇಲೆ ಒತ್ತಿರುವ 35 ಎಂದರೆ ಇಂಚಿನ ಲೆಕ್ಕದ ಉದ್ದ. ಅಂಗಡಿಗೆ ಕಳಿಸುವ ಬ್ಯಾಟಿಗೆ ಕಾರ್ಖಾನೆ ಹಾಗೆ ಉದ್ದ ಒತ್ತುತ್ತಿತ್ತು, ಕೊಳ್ಳುವವನು ಸಾಲಿನಲ್ಲಿ ನಿಲ್ಲಿಸಿದ ಬ್ಯಾಟುಗಳಿಂದ ತನಗೆ ಬೇಕಾದ ಅಳತೆ ಆರಿಸಿಕೊಳ್ಳಲಿ ಎಂದು. ವೃತ್ತಿಪರ ಆಟಗಾರರಿಗೆ ಕಡೆದ ಬ್ಯಾಟಿನಲ್ಲಿ 1944ರಿಂದ 1975ರವರೆಗೆ ನಾಬ್ ಮೇಲೆ ಬರುತ್ತಿದ್ದದ್ದು ಮಾದರಿ ಸಂಖ್ಯೆ: ಎಸ್2, ಆರ್43, ಯು1 ಹೀಗೆ. 1976ರಿಂದ ಆ ಸಂಖ್ಯೆ ನಾಬ್ ಬಿಟ್ಟು ಬ್ಯಾರೆಲ್ ಮೇಲೆ, ಆಟಗಾರನ ಹೆಸರಿನ ಬಳಿಗೆ ಹೋಯಿತು. ಕ್ಲೆಮೆಂಟೆ 1972ರ ಡಿಸೆಂಬರ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹಾಗಾಗಿ ಅವರ ಹೆಸರಿನ ಬ್ಯಾಟಿನಲ್ಲಿ ಮಾದರಿ ಸಂಖ್ಯೆ ಬ್ಯಾರೆಲ್ ಮೇಲಿದ್ದರೂ ಅವರು ಅದನ್ನು ಆಡಿರಲು ಸಾಧ್ಯವಿಲ್ಲ. ಇನ್ನೂ ಒಂದು ಗಡಿ ಇದೆ: ಅಂಡಾಕಾರದ ನಡುವೆ ಕಂಪನಿಯ ಹೆಸರು ಹೋಗಿ ಲೂಯಿವಿಲ್ ಸ್ಲಗರ್ ಎಂಬ ಹೆಸರು ದೊಡ್ಡದಾಗಿ ಬಂದದ್ದು 1980ರಲ್ಲಿ. ಅಂಥ ಮುದ್ರೆಯ ಮೇಲೆ ಮ್ಯಾಂಟಲ್, ಕ್ಲೆಮೆಂಟೆ, ಏರನ್ ಹೆಸರು ಕಂಡರೆ ಅದು ಅವರು ಆಟ ನಿಲ್ಲಿಸಿದ ಮೇಲಿನ ಬ್ಯಾಟ್, ಹೆಚ್ಚಿನದೇನೂ ನೋಡಬೇಕಿಲ್ಲ.

ಕ್ಲೆಮೆಂಟೆ ಬಳಸಿದ್ದರಲ್ಲಿ ಹೆಸರಾದ ಮಾದರಿ ಯು1. ಅದಕ್ಕೆ ನಾಬ್ ಎಂಬುದೇ ಇಲ್ಲವೆನ್ನಬಹುದು, ಹಿಡಿ ಕೆಳಗಿಳಿಯುತ್ತ ತುತ್ತೂರಿಯ ಬಾಯಿಯಂತೆ ಅಗಲವಾಗುತ್ತದೆ. ನಿಮ್ಮ ಬ್ಯಾಟಿಗೆ ಸಾಮಾನ್ಯ ಗುಂಡು ನಾಬ್ ಇದ್ದರೆ ಅದೂ ಒಂದು ಸೂಚನೆ, ಆದರೆ ಅಷ್ಟರಿಂದಲೇ ತೀರ್ಮಾನ ಬೇಡ, ಆಟಗಾರರು ಒಂದಕ್ಕಿಂತ ಹೆಚ್ಚು ಮಾದರಿ ತರಿಸುತ್ತಿದ್ದರು. ತೀರ್ಮಾನ ಮಾಡುವುದು ಆ 35. ಮಾರ್ಕರ್‌ನ 21 ಯಾರ ಕೈಯಲ್ಲಾದರೂ ಬರೆಸಿಕೊಳ್ಳುವಂಥದ್ದು, ಅದಕ್ಕೆ ತೂಕ ಕೊಡಬೇಡಿ. ಮಾರುವಾಗ ಆ 21ರ ಬಗ್ಗೆ "ಯಾರು ಯಾವಾಗ ಬರೆದರೋ ತಿಳಿಯದು" ಎಂದು ಬರೆದೇ ಮಾರಿ. ಅಂಗಡಿ ಬ್ಯಾಟ್ ಎಂದು ನೇರವಾಗಿ ಹೇಳಿದರೂ ಅದಕ್ಕೆ ಪಿಟ್ಸ್‌ಬರ್ಗ್‌ನಲ್ಲಿ ಕೊಳ್ಳುವವರಿದ್ದಾರೆ.

ಎರಡನೆಯದು ನನಗೆ ನಿಜಕ್ಕೂ ಆಸಕ್ತಿ ಹುಟ್ಟಿಸಿದ ಬ್ಯಾಟ್. ನಾಬ್ ಮೇಲೆ ಮಾದರಿ ಸಂಖ್ಯೆ, 34½ ಎಂಬ ಅರ್ಧ ಇಂಚಿನ ಲೆಕ್ಕದ ಉದ್ದ, ಬ್ಯಾರೆಲ್ ಮೇಲೆ ಸಂಖ್ಯೆ ಇಲ್ಲ. 1944ರಿಂದ 1975ರ ನಡುವಿನ ವೃತ್ತಿಪರ ಬ್ಯಾಟ್ ಎನ್ನಲು ಇಷ್ಟು ಒಳ್ಳೆಯ ಆರಂಭ. ಆದರೆ ಎಸ್ ಎಂಬ ಅಕ್ಷರ ನೋಡಿ ಆಟಗಾರನ ಹೆಸರು ಎಸ್‌ನಿಂದ ಶುರುವಾಗುತ್ತದೆ ಎಂದು ಹುಡುಕಲು ಹೋಗಬೇಡಿ. ಆ ಆಕಾರವನ್ನು ಮೊದಲು ಯಾರಿಗಾಗಿ ಕಡೆದರೋ ಅವರ ಕುಲನಾಮದ ಮೊದಲಕ್ಷರ ಅದು, ಸಂಖ್ಯೆ ಆ ಅಕ್ಷರದಲ್ಲಿ ಎಷ್ಟನೆಯ ಆಕಾರ ಎಂಬುದು. ಎಸ್2 ಹುಟ್ಟಿದ್ದು ವರ್ನ್ ಸ್ಟೀಫನ್ಸ್‌ಗೆ, ಆರ್43 ಬೇಬ್ ರೂತ್‌ಗೆ. ಪಿ72 ಇನ್ನೂ ಚೆನ್ನಾಗಿ ಅರ್ಥ ಮಾಡಿಸುತ್ತದೆ: ಅದನ್ನು ಕಡೆಸಿಕೊಂಡ ಲೆಸ್ ಪಿಂಕಮ್ ಮೇಜರ್ ಲೀಗ್ (ಅಮೆರಿಕದ ಅತಿ ಮೇಲಿನ ವೃತ್ತಿಪರ ಬೇಸ್‌ಬಾಲ್) ಮುಟ್ಟಲೇ ಇಲ್ಲ, ಅದೇ ಆಕಾರವನ್ನು ರಾಬಿನ್ ಯೌಂಟ್, ಕ್ಯಾಲ್ ರಿಪ್ಕೆನ್, ಡೆರೆಕ್ ಜೀಟರ್ ಆಡಿದರು. ಆಕಾರ ಒಬ್ಬನದು, ಬ್ಯಾಟ್ ಇನ್ನೊಬ್ಬನದು.

ಪ್ರಮಾಣೀಕರಣ ಎಂದರೆ ಒಂದೇ ಪ್ರಶ್ನೆಯಲ್ಲ, ಒಂದರ ಮೇಲೊಂದು ನಾಲ್ಕು. ಇದು ವೃತ್ತಿಪರನಿಗೆ ಕಡೆದದ್ದೇ? ಇದೇ ಮಾದರಿ, ಉದ್ದ, ತೂಕವನ್ನು ಆ ಆಟಗಾರ ಆ ಕಾಲದಲ್ಲಿ ತರಿಸಿದ್ದನೇ? ಇದರಿಂದ ಆಡಿದ ಗುರುತುಗಳಿವೆಯೇ? ಆಡಿದವನು ಅವನೇ ಎಂದು ಹೇಳುವ ವಿಶೇಷ ಏನಾದರೂ ಇದೆಯೇ? ಬಹಳಷ್ಟು ಮಾರಾಟಗಾರರು ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ನಾಲ್ಕನೆಯದಕ್ಕೆ ಹಾರಿಬಿಡುತ್ತಾರೆ. ಮೋಸದ ಉದ್ದೇಶವಿಲ್ಲದೆಯೇ ತಪ್ಪು ಹೆಸರಿನಲ್ಲಿ ಬ್ಯಾಟ್ ಮಾರಾಟವಾಗುವುದು ಹೀಗೆ.

ಎರಡನೆಯ ಪ್ರಶ್ನೆಗೆ ಉತ್ತರ ಕಾರ್ಖಾನೆಯ ರವಾನೆ ದಾಖಲೆಗಳಲ್ಲಿದೆ. ಆಟಗಾರರ ಹೆಸರಿನಲ್ಲಿ ಕಾರ್ಡ್ ಇಟ್ಟು, ಯಾವ ದಿನ ಯಾವ ಮಾದರಿ, ಎಷ್ಟು ಉದ್ದ, ಎಷ್ಟು ತೂಕ, ಎಷ್ಟು ಬ್ಯಾಟ್ ಕಳಿಸಿದೆವೆಂದು ಬರೆಯುತ್ತಿದ್ದರು. ಪರೀಕ್ಷಕರು ಹೋಲಿಸುವುದು ಅದರೊಂದಿಗೆ. ಅಲ್ಲಿಗೆ ಹೋಗಬೇಕಾದರೆ ಹೆಸರು ಬೇಕೇ ಬೇಕು. ಹಾಗಾಗಿ ನಿಮ್ಮ ಮೊದಲ ಕೆಲಸ ಆ ಸವೆದ ಹೆಸರನ್ನು ಓದುವುದು.

ರಾತ್ರಿ ಕೋಣೆಯ ದೀಪ ಆರಿಸಿ, ಬ್ಯಾಟನ್ನು ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಮಲಗಿಸಿ. ಟಾರ್ಚನ್ನು ಮೇಲಿನಿಂದಲ್ಲ, ಮರದ ಮಟ್ಟಕ್ಕೇ ಇಳಿಸಿ ಅಡ್ಡಕ್ಕೆ ಬಿಡಿ. ಮುದ್ರೆಯನ್ನು ಕಾಯಿಸಿದ ಅಚ್ಚಿನಿಂದ ಸುಟ್ಟು ಒತ್ತಿರುತ್ತಾರೆ. ಕಪ್ಪು ಬಣ್ಣ ಸವೆದರೂ ತಗ್ಗು ಉಳಿದಿರುತ್ತದೆ, ಅಡ್ಡ ಬೆಳಕಿನಲ್ಲಿ ಆ ತಗ್ಗಿನ ನೆರಳು ಎದ್ದು ಕಾಣುತ್ತದೆ. ಟಾರ್ಚನ್ನು ನಾಲ್ಕೂ ದಿಕ್ಕಿನಿಂದ ತಿರುಗಿಸುತ್ತ ಒಂದೊಂದು ಫೋಟೊ ತೆಗೆಯಿರಿ, ಒಂದು ದಿಕ್ಕಿನಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ. ಕಾಗದವಿಟ್ಟು ಪೆನ್ಸಿಲ್ ಉಜ್ಜುವುದು, ಸೀಮೆಸುಣ್ಣ ತುಂಬುವುದು ಮಾಡಬೇಡಿ, ಆ ಪುಡಿ ಎಳೆಯಿಂದ ಆಚೆ ಬರುವುದಿಲ್ಲ.

ಗರಗಸ:

ಬೂದುಮರ ಅವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ಸೇರಿಕೆ. ನಾಬ್ ಮೇಲೆ ಮಾದರಿ ಸಂಖ್ಯೆ ಇದೆ ಎಂದ ಮಾತ್ರಕ್ಕೆ ನಂಬಬಾರದು. ಅಂಗಡಿ ಬ್ಯಾಟಿನ ನಾಬ್ ತಳವನ್ನು ಉಜ್ಜಿ, ಉದ್ದದ ಸಂಖ್ಯೆ ಅಳಿಸಿ, ಬೇರೆ ಮುದ್ರೆ ಒತ್ತುವವರಿದ್ದಾರೆ. ನೋಡಬೇಕಾದದ್ದು ಇಷ್ಟು: ನಾಬ್ ತಳದ ಮೇಲ್ಮೈ ಬದಿಗಳಷ್ಟೇ ಹಳದಿ ತಿರುಗಿದೆಯೇ, ವಾರ್ನಿಶ್ ಅಲ್ಲೂ ಹಾಗೇ ಇದೆಯೇ, ತಳದ ಅಂಚು ಸಹಜ ದುಂಡಗಿದೆಯೋ ಅಥವಾ ಒಮ್ಮೆಲೇ ಚಪ್ಪಟೆಯಾಗಿದೆಯೋ, ಉದ್ದ ನಿರೀಕ್ಷೆಗಿಂತ ಕೂದಲೆಳೆಯಷ್ಟು ಕಡಿಮೆ ಇದೆಯೋ. ಅತಿನೇರಳೆ ಟಾರ್ಚ್ ಹಿಡಿದರೆ ಹೊಸ ವಾರ್ನಿಶ್, ತುಂಬಿದ ಪುಟ್ಟಿ, ಅಂಟು ಇವು ಸುತ್ತಲಿನ ಹಳೆಯ ಮರಕ್ಕಿಂತ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. ಕತ್ತಲೆ ಕೋಣೆಯಲ್ಲಿ ಬ್ಯಾಟಿನ ಉದ್ದಕ್ಕೂ ನಿಧಾನವಾಗಿ ಓಡಿಸಿ. ಎಲ್ಲ ಕಡೆ ಒಂದೇ ಮಂಕು ಇದ್ದರೆ ಒಳ್ಳೆಯದು, ಒಂದು ತುಂಡು ಮಾತ್ರ ಬೆಳಗಿದರೆ ಅಲ್ಲಿ ಯಾರದೋ ಕೈ ಆಡಿದೆ.

ಮರವನ್ನೂ ನೋಡಿ. ಆ ಕಾಲದ ಬ್ಯಾಟ್ ಆಶ್ ಮರದ್ದು. ಆಶ್‌ನ ವಾರ್ಷಿಕ ಗೆರೆಗಳಲ್ಲಿ ಕಣ್ಣಿಗೆ ಕಾಣುವ ರಂಧ್ರಗಳ ಸಾಲಿರುತ್ತದೆ, ಬೆರಳುಗುರಿಗೂ ತಾಗುತ್ತದೆ. ಇನ್ನೂ ಹಳೆಯದರಲ್ಲಿ ಹಿಕೊರಿ ಇರಬಹುದು, ಅದು ಕೈಗೆ ಭಾರ. ಮೇಪಲ್‌ನಲ್ಲಿ ಆ ರಂಧ್ರದ ಸಾಲು ಕಾಣದು, ಮೈ ನುಣುಪು. ಮೇಜರ್ ಲೀಗ್‌ನಲ್ಲಿ ಮೇಪಲ್ ಹರಡಿದ್ದು 1990ರ ದಶಕದ ಕೊನೆಯಲ್ಲಿ ಶುರುವಾಗಿ, 2001ರಲ್ಲಿ ಬ್ಯಾರಿ ಬಾಂಡ್ಸ್ 73 ಹೋಮ್ ರನ್ ಹೊಡೆದ ಮೇಲೆ. 1950ರ ಮುದ್ರೆಯೊಂದಿಗೆ ಮೇಪಲ್ ಬ್ಯಾಟ್ ಬಂದರೆ ಮಾತೇ ಬೇಡ. ಬ್ಯಾರೆಲ್ ತುದಿಯಲ್ಲಿ ಬಟ್ಟಲಿನಂತೆ ಕೊರೆದಿದ್ದರೂ ಅನುಮಾನಿಸಿ, ಮೇಜರ್ ಲೀಗ್‌ನಲ್ಲಿ ಅದು ಬಂದದ್ದು 1970ರ ದಶಕದಲ್ಲಿ.

ಈಗ ಬಳಕೆಯ ಗುರುತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ತಪ್ಪು ಓದುವುದು ಇಲ್ಲೇ.

ಕಾರ್ಖಾನೆಯವರು ಅಂಡಾಕಾರದ ಮುದ್ರೆಯನ್ನು ಒತ್ತುವುದು ಎಳೆ ಅಗಲವಾಗಿ ಹರಡಿ ಕಾಣುವ ಮುಖದ ಮೇಲೆ. ಆ ಮುಖಕ್ಕೆ ಚೆಂಡು ಬಿದ್ದರೆ ಆಶ್ ಪದರ ಪದರವಾಗಿ ಏಳುತ್ತದೆ. ಅದಕ್ಕೇ ಆಟಗಾರ ಮುದ್ರೆಯನ್ನು ಮೇಲಕ್ಕೋ ಕೆಳಕ್ಕೋ ಇಟ್ಟುಕೊಂಡು, ಎಳೆಗಳ ಅಂಚು ಒತ್ತೊತ್ತಾಗಿರುವ ಬದಿಯಿಂದ ಹೊಡೆಯುತ್ತಾನೆ. ನಾಬ್ ನಿಮ್ಮ ಕಡೆಗೆ, ಮುದ್ರೆ ಆಕಾಶಕ್ಕೆ ಬರುವಂತೆ ಹಿಡಿಯಿರಿ. ಬಲಗೈ ಬ್ಯಾಟರ್ ಮುದ್ರೆ ಮೇಲಿಟ್ಟು ಆಡಿದ್ದರೆ ಚೆಂಡಿನ ಗುರುತು ನಿಮ್ಮ ಎಡಬದಿಯಲ್ಲಿ ಗುಂಪುಗೂಡಿರುತ್ತದೆ, ಎಡಗೈ ಬ್ಯಾಟರ್‌ದು ಬಲಬದಿಯಲ್ಲಿ. ಮುದ್ರೆ ಕೆಳಗಿಟ್ಟು ಆಡುವವನಾದರೆ ಅದಲುಬದಲು. ಹೆಸರು ಸಿಕ್ಕ ಮೇಲೆ ಅವನು ಯಾವ ಕೈ ಎಂದು ನೋಡಿ ಇದನ್ನು ತಾಳೆ ಹಾಕಬಹುದು. ಇದಕ್ಕೂ ಅಪವಾದವಿದೆ: ಯೋಗಿ ಬೆರ್ರಾ ಮುದ್ರೆಯ ಕಡೆಯಿಂದ ಹೊಡೆದು ಬ್ಯಾಟ್ ಮುರಿಯುತ್ತಿದ್ದರು ಎಂದು ಕಾರ್ಖಾನೆ ಅವರ ಬ್ಯಾಟಿಗೆ ಮುದ್ರೆಯನ್ನೇ ಕಾಲು ಸುತ್ತು ತಿರುಗಿಸಿ ಒತ್ತುತ್ತಿತ್ತು.

ಬ್ಯಾರೆಲ್ ಮೇಲೆ ಭೂತಗನ್ನಡಿ ಹಿಡಿದರೆ ಚೆಂಡಿನ ಹೊಲಿಗೆಯ ಅಚ್ಚು ಕಾಣಬಹುದು, ಮೀನಿನ ಮುಳ್ಳಿನಂಥ ಸಣ್ಣ ಓರೆಗೀಟುಗಳ ಸಾಲು. ನೀವು ಹೇಳಿದ ನೀಲಿ ಎರಡು ಬಗೆಯದಿರಬಹುದು. ಡಗ್‌ಔಟ್‌ನ ಬ್ಯಾಟ್ ಗೂಡಿಗೆ ಬಳಿದ ಬಣ್ಣ ಉಜ್ಜಿಕೊಂಡಿದ್ದರೆ ಉದ್ದುದ್ದ ಗೀಟು ಬರುತ್ತದೆ, ಬ್ಯಾರೆಲ್‌ನ ಅತಿ ದಪ್ಪ ಭಾಗದಲ್ಲೇ ಹೆಚ್ಚು. ಚೆಂಡಿನ ಮೇಲಿನ ಅಚ್ಚಿನ ಶಾಯಿಯಾದರೆ ಚಿಕ್ಕ ತೇಪೆಯಂತೆ, ಕೆಲವೊಮ್ಮೆ ತಿರುವುಮುರುವು ಅಕ್ಷರದ ಚೂರಿನಂತೆ ಚೆಂಡು ಬಿದ್ದ ಜಾಗದಲ್ಲೇ ಇರುತ್ತದೆ. ಮೇಜರ್ ಲೀಗ್‌ನೊಳಗಿನ ಎರಡು ಲೀಗ್‌ಗಳಿಗೂ ಬೇರೆ ಚೆಂಡಿದ್ದ ಕಾಲದಲ್ಲಿ ಅಮೆರಿಕನ್ ಲೀಗ್ ಚೆಂಡಿನ ಅಚ್ಚು ನೀಲಿ, ನ್ಯಾಷನಲ್ ಲೀಗ್‌ದು ಕಪ್ಪು. ಪಿಟ್ಸ್‌ಬರ್ಗ್ ಪೈರೇಟ್ಸ್ ನ್ಯಾಷನಲ್ ಲೀಗ್ ತಂಡ ಎಂಬುದನ್ನು ನೆನಪಿಡಿ. ನಿಮ್ಮ ನೀಲಿ ಗೀಟು ಉದ್ದವೋ ತೇಪೆಯೋ ಎಂಬುದರ ಮೇಲೆ ಹುಡುಕುವ ದಿಕ್ಕೇ ಬೇರೆಯಾಗುತ್ತದೆ. ಊರು ಪಿಟ್ಸ್‌ಬರ್ಗ್ ಎಂದು ಬ್ಯಾಟೂ ಪೈರೇಟ್ಸ್‌ದೇ ಆಗಬೇಕಿಲ್ಲ, ಎದುರಾಳಿ ತಂಡಗಳೂ ಅಲ್ಲಿ ಬ್ಯಾಟ್ ಮುರಿದುಕೊಂಡು ಬಿಟ್ಟು ಹೋಗಿವೆ.

ಹಿಡಿಯ ಮೇಲಿನ ಕಪ್ಪು ಅಂಟು ಪೈನ್ ಟಾರ್ (ಕೈ ಜಾರದಿರಲಿ ಎಂದು ಹಚ್ಚುವ ಅಂಟು) ಇರಬೇಕು. ನಿಯಮದ ಪ್ರಕಾರ ನಾಬ್ ತುದಿಯಿಂದ 18 ಇಂಚಿನವರೆಗೆ ಮಾತ್ರ ಹಚ್ಚಬಹುದು, 1983ರಲ್ಲಿ ಜಾರ್ಜ್ ಬ್ರೆಟ್ ಅವರ ಹೋಮ್ ರನ್ ಗಲಾಟೆ ಆದದ್ದು ಇದರ ಮೇಲೆಯೇ. ಹಳೆಯ ಪೈನ್ ಟಾರ್ ಗಟ್ಟಿಯಾಗಿ, ಒಡೆದು, ಧೂಳು ಕುಡಿದು ಎಳೆಯೊಳಗೆ ಸೇರಿರುತ್ತದೆ. ಈಚೆಗೆ ಹಚ್ಚಿದ್ದು ಬೆರಳಿಗೆ ಹತ್ತುತ್ತದೆ, ಮೂಗಿಗೆ ವಾಸನೆ ಬಡಿಯುತ್ತದೆ, ಬಿರುಕಿನೊಳಕ್ಕೂ ಇಳಿದಿರುತ್ತದೆ. ಈ ಕೊನೆಯದು ಮುಖ್ಯ: ಟಾರ್ ಮೊದಲು, ಬಿರುಕು ಆಮೇಲೆ ಬಂದಿದ್ದರೆ ಬಿರುಕು ಟಾರನ್ನು ಸೀಳಿಕೊಂಡು ಹೋಗಿರುತ್ತದೆ. ಟಾರ್ ಬಿರುಕಿನೊಳಗೆ ತುಂಬಿಕೊಂಡಿದ್ದರೆ ಮುರಿದ ಬ್ಯಾಟಿಗೆ ಯಾರೋ ಆಮೇಲೆ ಬಳಿದಿದ್ದಾರೆ.

ಇನ್ನೊಂದು ಅಡಚಣೆ ಯಾರೂ ಹೇಳುವುದಿಲ್ಲ. ಬಿರುಕು ಬಿಟ್ಟ ಬ್ಯಾಟುಗಳನ್ನು ಆಟಗಾರರು ಮಕ್ಕಳಿಗೆ ಕೊಡುತ್ತಿದ್ದರು. ಮಕ್ಕಳು ಮೊಳೆ ಹೊಡೆದು, ಟೇಪ್ ಸುತ್ತಿ, ಬೀದಿಯಲ್ಲಿ ಮತ್ತೆ ಹತ್ತು ವರ್ಷ ಆಡಿದರು. ಹಾಗಾಗಿ ಬ್ಯಾಟ್ ಮೇಲಿನ ಸವೆತ ಎಲ್ಲವೂ ವೃತ್ತಿಪರನದಲ್ಲ. ಗುರುತು ಬ್ಯಾರೆಲ್ ಸುತ್ತಲೂ ಸಮನಾಗಿ, ಮುದ್ರೆಯ ಮೇಲೂ ಇದ್ದರೆ, ತುದಿಯಲ್ಲಿ ಕಲ್ಲು ಮತ್ತು ಟಾರು ರಸ್ತೆಯ ಕೆರೆತವಿದ್ದರೆ, ನಾಬ್ ಅಂಚು ಚೂರಾಗಿದ್ದರೆ, ಅದು ಬೀದಿಯ ಆಟ. ಬೌಲಿಂಗ್ ಯಂತ್ರದ ಗುಳಿಗುಳಿ ಚೆಂಡಿನ ಅಚ್ಚಿದ್ದರೆ ಅದು ಅಭ್ಯಾಸದ ಪಂಜರ. ನಿಮ್ಮ ಬ್ಯಾಟಿನಲ್ಲಿ ಹೆಸರೇ ಸವೆದು ಹೋಗಿದೆ ಎಂಬುದು ನನಗೆ ಇದೇ ಅನುಮಾನ ತರುತ್ತಿದೆ. ಹೆಸರೂ ಮುದ್ರೆಯ ಕಡೆಯೇ ಇರುತ್ತದೆ, ಬಲ್ಲವನು ಆ ಕಡೆಯಿಂದ ಹೊಡೆಯುವುದಿಲ್ಲ.

ಸಾಗರದವ:

ಇಬ್ಬರಿಗೂ ಧನ್ಯವಾದ. ಎಣ್ಣೆ ಹಚ್ಚಿಲ್ಲ. ಎರಡನೆಯ ಬ್ಯಾಟಿನಲ್ಲಿ ಹೊಡೆತದ ಗುರುತು ಎಡಬದಿಯಲ್ಲಿ ದಟ್ಟವಾಗಿದೆ, ಆದರೆ ಹೆಸರಿನ ಜಾಗದಲ್ಲೂ ಹತ್ತಾರು ಇವೆ, ತುದಿಯಲ್ಲಿ ಕೆರೆತವೂ ಇದೆ. ನೀಲಿ ಗೀಟುಗಳು ಉದ್ದವಾಗಿವೆ, ತೇಪೆಯಲ್ಲ. ಬಿರುಕು ಕಪ್ಪು ಅಂಟನ್ನು ಸೀಳಿಕೊಂಡು ಹೋಗಿದೆ. ಬ್ಯಾರೆಲ್ ತುದಿಗೆ ಹತ್ತಿರ ಬಳಪದಲ್ಲಿ ಬರೆದಂತೆ ಏನೋ ಮಸುಕು ಕಾಣುತ್ತಿದೆ. ಅದನ್ನು ಒರೆಸಲೇ?

ಬೂದುಮರ:

ಒರೆಸಬೇಡಿ! ಬಟ್ಟೆಯನ್ನೂ ತಾಗಿಸಬೇಡಿ. ಆಟಗಾರನಿಗೆ ಒಂದು ಬ್ಯಾಟ್ ಒಗ್ಗಿತೆಂದರೆ, ಅದು ಮುರಿದ ಮೇಲೂ ಕಾರ್ಖಾನೆಗೆ ಕಳಿಸಿ ಇಂಥದ್ದೇ ಕಡೆದುಕೊಡಿ ಎನ್ನುತ್ತಿದ್ದ. ಬಂದ ಬ್ಯಾಟಿನ ಮೇಲೆ ಅಲ್ಲಿನ ಕೆಲಸಗಾರ ಮೇಣದ ಪೆನ್ಸಿಲಿನಿಂದ ಆಟಗಾರನ ಹೆಸರು, ಊರು, ಬಂದ ತಾರೀಖು ಗೀಚಿಡುತ್ತಿದ್ದ. ಈ ಬದಿಬರಹ ಇರುವ ಬ್ಯಾಟಿಗೆ ಸಂಗ್ರಾಹಕರಲ್ಲಿ ಬೇರೆಯೇ ಮರ್ಯಾದೆ, ಏಕೆಂದರೆ ಬ್ಯಾಟ್ ಆಟಗಾರನಿಂದಲೇ ಬಂತು ಎಂದು ಕಾರ್ಖಾನೆಯೇ ಬರೆದುಕೊಟ್ಟ ಸಾಕ್ಷಿ ಅದು. ನಿಮ್ಮದು ಅದೇ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಗೀಚೂ ಇರಬಹುದು, ಅಡ್ಡ ಬೆಳಕಿನಲ್ಲಿ ಹೆಸರು ಸಿಕ್ಕಿ, ಎರಡೂ ತಾಳೆಯಾದರೆ ಆಗ ನೋಡೋಣ. ಮೇಣ ಬಟ್ಟೆಯ ಒಂದು ಒರಸಿಗೇ ಹೋಗುತ್ತದೆ, ಆ ಭಾಗಕ್ಕೆ ಕೈ, ಪ್ಲಾಸ್ಟಿಕ್ ಚೀಲ ಯಾವುದೂ ತಾಗದಿರಲಿ.

ಅಳತೆ ಮತ್ತೆ ಮಾಡಿ. "ಸುಮಾರು 34½" ಸಾಲದು. ಬ್ಯಾಟಿನ ನಾಬನ್ನು ಗೋಡೆಗೆ ತಾಗಿಸಿ ನೆಲದ ಮೇಲೆ ಮಲಗಿಸಿ, ಬ್ಯಾರೆಲ್ ತುದಿಗೆ ಮೂಲೆಮಟ್ಟ ಇಟ್ಟು ನೆಲದ ಮೇಲೆ ಗುರುತು ಮಾಡಿ, ಗೋಡೆಯಿಂದ ಆ ಗುರುತಿಗೆ ಅಳೆಯಿರಿ. ಟೇಪನ್ನು ಬ್ಯಾಟಿನ ಉಬ್ಬಿನ ಮೇಲೆ ಎಳೆದರೆ ಹೆಚ್ಚು ಬರುತ್ತದೆ. ತೂಕಕ್ಕೆ 0.1 ಔನ್ಸ್ ತೋರಿಸುವ ಡಿಜಿಟಲ್ ತಕ್ಕಡಿ, ಮೂರು ಸಲ. ಬ್ಯಾರೆಲ್ ಮತ್ತು ಹಿಡಿಯ ಅತಿ ತೆಳು ಜಾಗದ ವ್ಯಾಸವನ್ನು ಕ್ಯಾಲಿಪರ್‌ನಿಂದ ತೆಗೆಯಿರಿ, ಕ್ಯಾಲಿಪರ್‌ನ ಲೋಹದ ಬಾಯಿಗೆ ಕಾಗದ ಸುತ್ತಿ. ಮರ ದಶಕಗಳಲ್ಲಿ ಒಣಗಿ ಹಗುರಾಗುತ್ತದೆ, ಔನ್ಸ್ ಲೆಕ್ಕದಲ್ಲೇ. ಹಾಗಾಗಿ ದಾಖಲೆಯಲ್ಲಿ 33 ಇದ್ದು ನಿಮ್ಮದು 31.7 ಬಂದರೆ ಗಾಬರಿಯಿಲ್ಲ. ದಾಖಲೆಗಿಂತ ಹೆಚ್ಚು ಬಂದರೆ ಅದಕ್ಕೆ ಕಾರಣ ಬೇಕು. ಉದ್ದ ಮಾತ್ರ ಕುಗ್ಗುವುದಿಲ್ಲ, ಅಲ್ಲಿ ಕಾಲು ಇಂಚು ತಪ್ಪಿದರೂ ಪರೀಕ್ಷಕ ನಿಲ್ಲಿಸಿ ಕೇಳುತ್ತಾನೆ.

ಇದರ ಜೊತೆಗೆ, ಇವತ್ತೇ ಆ ಮಾರಾಟ ನಡೆಸಿದವರಿಗೆ ಬರೆಯಿರಿ. ಬ್ಯಾಟ್ ಆ ಮನೆಗೆ ಯಾರಿಂದ, ಸುಮಾರು ಯಾವಾಗ ಬಂತು, ಮನೆಯವರಲ್ಲಿ ಯಾರಾದರೂ ತಂಡದಲ್ಲೋ ಮೈದಾನದಲ್ಲೋ ಕೆಲಸ ಮಾಡುತ್ತಿದ್ದರೇ ಎಂದು ಕೇಳಿ. ಉತ್ತರವನ್ನು ಮನೆಯವರ ಸಹಿಯೊಂದಿಗೆ ನೋಟರಿ ಮುಂದೆ ಬರೆಸಿಕೊಳ್ಳಿ. ಖರೀದಿ ರಸೀದಿ ಅದರ ಜೊತೆಗಿರಲಿ. ಇಂಥ ಪತ್ರ ಬ್ಯಾಟಿನ ಮೇಲಿನ ಸಾಕ್ಷಿಗೆ ಬಲ ಕೊಡುತ್ತದೆ, ಅದರ ಬದಲಿಗೆ ನಿಲ್ಲುವುದಿಲ್ಲ. "ಅಜ್ಜನಿಗೆ ಆಟಗಾರನೇ ಕೊಟ್ಟಿದ್ದು" ಎಂಬ ಪತ್ರದೊಂದಿಗೆ ನಾಬ್ ಮೇಲೆ 34 ಇರುವ ಅಂಗಡಿ ಬ್ಯಾಟುಗಳು ಬೇಕಾದಷ್ಟು ಬರುತ್ತವೆ. ಮನೆಯವರು ಸುಳ್ಳು ಹೇಳಿರುವುದಿಲ್ಲ, ನೆನಪು ಎರಡು ಬ್ಯಾಟನ್ನು ಒಂದು ಮಾಡಿರುತ್ತದೆ.

ಪ್ರಮಾಣೀಕರಣಕ್ಕೆ ಹಳೆಯ ಬ್ಯಾಟುಗಳಲ್ಲಿ ಹೆಚ್ಚು ನಡೆಯುವ ಹೆಸರು ಪಿಎಸ್ಎ ಮತ್ತು ಮಿಯರ್ಸ್ ಎಂಬ ಸಂಸ್ಥೆಗಳದ್ದು. ಪಿಎಸ್ಎ ಜಿಯು 10ರವರೆಗೆ, ಮಿಯರ್ಸ್ ಎ10ರವರೆಗೆ ಅಂಕ ಕೊಡುತ್ತವೆ. ಅಂಕ ನೋಡಿ ಖುಷಿಪಡುವ ಮೊದಲು ಪತ್ರದ ವಿವರ ಓದಬೇಕು: ದಾಖಲೆಗೆ ತಾಳೆಯಾಯಿತೇ, ಯಾವ ಗುರುತಿಗೆ ಎಷ್ಟು ತೂಕ ಕೊಟ್ಟರು, ದುರಸ್ತಿ ಕಂಡರೇ ಎಂದು ಅದರಲ್ಲಿರುತ್ತದೆ. ಮೇಜರ್ ಲೀಗ್‌ನ ಹೊಲೊಗ್ರಾಮ್ ಚೀಟಿಯ ವ್ಯವಸ್ಥೆ 2001ರಲ್ಲಿ ಶುರುವಾದದ್ದು, ಪಂದ್ಯ ನಡೆಯುವಾಗಲೇ ಕಣ್ಣೆದುರು ನೋಡಿ ಅಂಟಿಸುವಂಥದ್ದು. 1960ರ ಬ್ಯಾಟಿಗೆ ಈಗ ಅದನ್ನು ಅಂಟಿಸಿಕೊಡುತ್ತೇನೆ ಎನ್ನುವವರಿಂದ ದೂರವಿರಿ. ಬ್ಯಾಟ್ ಮೇಲೆ ಶಾಯಿಯ ಸಹಿ ಇದ್ದರೆ ಅದಕ್ಕೆ ಬೇರೆಯೇ ಪರೀಕ್ಷೆ, ಸಹಿ ನಿಜವಾದ ಮಾತ್ರಕ್ಕೆ ಬ್ಯಾಟ್ ಆಡಿದ್ದಾಗುವುದಿಲ್ಲ. ಶಾರ್ಪಿ ಪೆನ್ ಬಂದದ್ದೇ 1964ರಲ್ಲಿ, 1948ರಲ್ಲಿ ತೀರಿಕೊಂಡ ಬೇಬ್ ರೂತ್ ಅದರಲ್ಲಿ ಸಹಿ ಹಾಕಿರಲು ಸಾಧ್ಯವಿಲ್ಲ ಎಂಬಷ್ಟು ಸರಳ ಲೆಕ್ಕವನ್ನೂ ಜನ ಮರೆಯುತ್ತಾರೆ.

ಕೊನೆಯ ದಾರಿ ಫೋಟೊ ತಾಳೆ. ಮರದ ಎಳೆ ಬೆರಳಚ್ಚಿನ ಹಾಗೆ, ಒಂದರಂತೆ ಇನ್ನೊಂದಿಲ್ಲ. ಆ ಕಾಲದ ಪತ್ರಿಕಾ ಫೋಟೊದಲ್ಲಿ ಎಳೆ, ಗಂಟು, ಮುದ್ರೆ ವಾಲಿದ ರೀತಿ ಸಿಕ್ಕರೆ ಬೇರೆ ವಾದವೇ ಬೇಡ. ಸಿಗುವುದು ಅಪರೂಪ, ಹೆಸರಾಂತ ಆಟಗಾರನಾದರೆ ಮಾತ್ರ ಹುಡುಕಾಟ ಸಾರ್ಥಕ.

ಲೆಕ್ಕಪತ್ರ:

ಬ್ಯಾಟಿನ ವಿಷಯ ಬಲ್ಲವರು ಹೇಳಿದ್ದಾರೆ, ಮಾರಾಟ ಮತ್ತು ತೆರಿಗೆಯ ಬಗ್ಗೆ ನಾನು ಸೇರಿಸುತ್ತೇನೆ.

ಈ ಬ್ಯಾಟಿಗೆ ಪರೀಕ್ಷೆ ಮಾಡಿಸಬೇಕೇ ಬೇಡವೇ ಎಂಬುದು ಹೆಸರು ಸಿಕ್ಕ ಮೇಲಿನ ಮಾತು. ಯಾರಿಗೂ ನೆನಪಿರದ ಆಟಗಾರನ ಬಿರುಕು ಬ್ಯಾಟಿಗೆ ಪರೀಕ್ಷೆಯ ಶುಲ್ಕ, ಹೋಗಿಬರುವ ಸಾಗಣೆ, ವಿಮೆ ಸೇರಿ ಬ್ಯಾಟಿನ ಬೆಲೆಯನ್ನೇ ಮೀರಬಹುದು. ಅಂಥದ್ದನ್ನು ಇಬೇಯಲ್ಲಿ ಒಳ್ಳೆಯ ಫೋಟೊ ಹಾಕಿ ಮಾರುವುದೇ ಲೇಸು. ಶೀರ್ಷಿಕೆಯಲ್ಲಿ "ವೃತ್ತಿಪರ ಮಾದರಿ" ಎನ್ನಿ. "ಪಂದ್ಯದಲ್ಲಿ ಬಳಸಿದ್ದು" ಎಂದು ಬರೆದರೆ ಅದು ನಿಮ್ಮ ಭರವಸೆಯಾಗುತ್ತದೆ, ಕೊಂಡವರು ಆಮೇಲೆ ಪರೀಕ್ಷೆ ಮಾಡಿಸಿ ಬೇರೆ ಉತ್ತರ ಬಂದರೆ ಹಣ ವಾಪಸ್ ಕೊಡಬೇಕು. ಬಿರುಕಿನ ಎರಡೂ ತುದಿಗೆ ಅಳತೆಪಟ್ಟಿ ಇಟ್ಟು ಫೋಟೊ ಹಾಕಿ.

ದೊಡ್ಡ ಹೆಸರಾದರೆ ಕ್ರೀಡಾವಸ್ತುಗಳ ಹರಾಜು ಮನೆಗೆ ಕೊಡಿ. ಬೇಬ್ ರೂತ್ 1923ರಲ್ಲಿ ಯಾಂಕಿ ಸ್ಟೇಡಿಯಂನ ಮೊದಲ ಹೋಮ್ ರನ್ ಹೊಡೆದ ಬ್ಯಾಟ್ 2004ರಲ್ಲಿ ಹರಾಜಿನಲ್ಲೇ 12.65 ಲಕ್ಷ ಡಾಲರಿಗೆ ಹೋಯಿತು. ಕೊಳ್ಳುವವರಿಂದ ಹರಾಜು ಮನೆ ಕೂಗಿದ ಬೆಲೆಯ ಮೇಲೆ ಸುಮಾರು ಐದನೇ ಒಂದು ಭಾಗದಷ್ಟು ಹೆಚ್ಚುವರಿ ತೆಗೆದುಕೊಳ್ಳುತ್ತದೆ. ಮಾರುವವರ ಕಮಿಷನ್ ಮಾತಾಡಿದರೆ ಇಳಿಯುತ್ತದೆ, ಒಳ್ಳೆಯ ವಸ್ತುವಾದರೆ ಸೊನ್ನೆಗೂ ಬರಬಹುದು. ಒಪ್ಪಂದದಲ್ಲಿ ಇವನ್ನು ಓದದೆ ಸಹಿ ಮಾಡಬೇಡಿ: ಪರೀಕ್ಷೆ ಶುಲ್ಕ ಯಾರದು, ಅವರ ಬಳಿ ಇರುವಾಗ ವಿಮೆ ಯಾರದು, ಕನಿಷ್ಠ ಬೆಲೆ ಇಡಬಹುದೇ, ಮಾರಾಟವಾಗದಿದ್ದರೆ ವಾಪಸ್ ಖರ್ಚು ಯಾರದು, ಹಣ ಎಷ್ಟು ದಿನದಲ್ಲಿ, ಮುಂದೆ ಯಾರಾದರೂ ಇದು ಅಸಲಿಯಲ್ಲ ಎಂದರೆ ನಿಮ್ಮ ಹೊಣೆ ಎಲ್ಲಿಯವರೆಗೆ.

ತೆರಿಗೆ: ಅಮೆರಿಕದಲ್ಲಿ ಇದು ಸಂಗ್ರಹವಸ್ತು. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಫೆಡರಲ್ ತೆರಿಗೆ ಗರಿಷ್ಠ 28 ಶೇಕಡಾ, ಷೇರುಗಳಿಗಿರುವ ಕಡಿಮೆ ದರ ಇದಕ್ಕಿಲ್ಲ. ವರ್ಷದೊಳಗೆ ಮಾರಿದರೆ ಸಾಮಾನ್ಯ ಆದಾಯದ ದರ. ಕೊಂಡ ಬೆಲೆಯ ರಸೀದಿ ಇಲ್ಲದಿದ್ದರೆ ಪೂರ್ತಿ ಹಣವೇ ಲಾಭ ಎನ್ನಿಸಿಕೊಳ್ಳುವ ಅಪಾಯವಿದೆ, ಅದಕ್ಕೇ ಆ ಚೀಟಿ ಜೋಪಾನ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಬ್ಯಾಟ್ ಪಿತ್ರಾರ್ಜಿತವಾಗಿ ಬಂದಿದ್ದರೆ ಲೆಕ್ಕಕ್ಕೆ ಹಿಡಿಯುವುದು ಹಿರಿಯರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ, ಬದುಕಿದ್ದಾಗ ಉಡುಗೊರೆ ಕೊಟ್ಟಿದ್ದರೆ ಲಾಭಕ್ಕೆ ಅವರು ಕೊಂಡಿದ್ದ ಬೆಲೆ. ವ್ಯತ್ಯಾಸ ದೊಡ್ಡದು.

ಗರಗಸ:

ಸಾಗಣೆಯ ಬಗ್ಗೆ. 4 ಇಂಚು ವ್ಯಾಸ, ಬ್ಯಾಟಿಗಿಂತ ಕನಿಷ್ಠ ನಾಲ್ಕೈದು ಇಂಚು ಉದ್ದದ ಗಟ್ಟಿ ರಟ್ಟಿನ ಕೊಳವೆ ತನ್ನಿ. ಬ್ಯಾಟಿಗೆ ಮೊದಲು ಆಮ್ಲರಹಿತ ತೆಳು ಕಾಗದ, ಅದರ ಮೇಲೆ ಗುಳ್ಳೆ ಹಾಳೆ. ಟೇಪ್ ಹಾಳೆಗೆ ಮಾತ್ರ ತಾಗಬೇಕು, ಮರಕ್ಕಲ್ಲ. ಬಳಪದ ಬರಹವಿರುವ ಜಾಗದಲ್ಲಿ ಕಾಗದವೂ ಉಜ್ಜಬಾರದು, ಅದರ ಎರಡು ಪಕ್ಕ ಫೋಮ್ ಉಂಗುರ ಹಾಕಿ ನಡುವೆ ಗಾಳಿ ಬಿಡಿ. ಎರಡೂ ತುದಿಗೆ ಎರಡೆರಡು ಇಂಚು ಫೋಮ್ ತುಂಬಿ, ಕೊಳವೆ ಅಲುಗಾಡಿಸಿದರೆ ಒಳಗೆ ಸದ್ದು ಬರಬಾರದು. ಹಿಡಿ ಬಿರುಕಿರುವ ಬ್ಯಾಟ್ ಕೊಳವೆಯೊಳಗೆ ಜಾರಿ ನಾಬ್ ಬಡಿದರೆ ಏಳು ಇಂಚು ಹತ್ತಾಗುತ್ತದೆ.

ಬೆಲೆಬಾಳುವುದಾದರೆ ಅಂಚೆ ಇಲಾಖೆಯ ರಿಜಿಸ್ಟರ್ಡ್ ಮೇಲ್ ಒಳ್ಳೆಯದು, 50,000 ಡಾಲರ್‌ವರೆಗೆ ವಿಮೆ ಸಿಗುತ್ತದೆ, ಕೈಯಿಂದ ಕೈಗೆ ಸಹಿಯಾಗುತ್ತ ಹೋಗುತ್ತದೆ. ಅದಕ್ಕೆ ಹೊಳೆಯುವ ಪ್ಲಾಸ್ಟಿಕ್ ಟೇಪ್ ಒಪ್ಪುವುದಿಲ್ಲ, ನೀರು ಹಚ್ಚಿ ಅಂಟಿಸುವ ಕಂದು ಕಾಗದದ ಟೇಪ್ ಬೇಕು, ಟೇಪ್ ಕೂಡುವ ಅಂಚುಗಳ ಮೇಲೆ ಅವರು ಮೊಹರು ಒತ್ತುತ್ತಾರೆ. ನಿಧಾನ, ಆದರೆ ಸುರಕ್ಷಿತ. ಖಾಸಗಿ ಕೊರಿಯರ್‌ಗಳು ಸಂಗ್ರಹವಸ್ತುವಿಗೆ ಕಡಿಮೆ ಮಿತಿ ಹಾಕಿರುವುದುಂಟು, ನೀವು ಘೋಷಿಸಿದ ಬೆಲೆ ಅವರ ನಿಯಮದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಓದಿ.

ಅಲ್ಲಿಯವರೆಗೆ ಮನೆಯಲ್ಲಿ ಮಲಗಿಸಿಯೇ ಇಡಿ, ಗೋಡೆಗೆ ಒರಗಿಸಬೇಡಿ. ನೆಲಮಾಳಿಗೆಯ ತೇವ, ಹೀಟರ್ ಪಕ್ಕದ ಒಣಗಾಳಿ, ಕಿಟಕಿಯ ಬಿಸಿಲು ಮೂರೂ ಬೇಡ.

ಸಾಗರದವ:

ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಸಹಿಯ ಅಕ್ಷರವಲ್ಲ, ನೇರ ದೊಡ್ಡಕ್ಷರಗಳು. ಕೊನೆಯ ಎರಡು ಇ ಮತ್ತು ಆರ್ ಎಂದು ಸ್ಪಷ್ಟವಾಗಿದೆ, ಮೊದಲಕ್ಷರ ಬಿ ಅಥವಾ ಆರ್. ಒಟ್ಟು ಆರೋ ಏಳೋ ಅಕ್ಷರ. ಉದ್ದ ಸರಿಯಾಗಿ ಅಳೆದಾಗ 34½ ಇಂಚೇ ಬಂತು. ಬಳಪದಲ್ಲಿ ಒಂದು ಸಂಖ್ಯೆ 5 ಮತ್ತು ಓರೆಗೀಟು ಮಾತ್ರ ಕಾಣುತ್ತಿದೆ.

ಬೂದುಮರ:

ಬಹಳ ಒಳ್ಳೆಯ ಕೆಲಸ ಮಾಡಿದಿರಿ. ನೇರ ದೊಡ್ಡಕ್ಷರ ಎಂದರೆ ಆ ಆಟಗಾರ ಕಂಪನಿಯೊಂದಿಗೆ ಸಹಿಯ ಒಪ್ಪಂದ ಮಾಡಿಕೊಂಡಿರಲಿಲ್ಲ. ಒಪ್ಪಂದವಿದ್ದವರಿಗೆ ಸಹಿಯ ಅಚ್ಚು, ಇಲ್ಲದವರಿಗೆ ಅಚ್ಚಕ್ಷರ. ಅಂಗಡಿ ಬ್ಯಾಟ್ ಮಾರಾಟವಾಗುತ್ತಿದ್ದದ್ದು ಹೆಸರಾಂತರ ಸಹಿಯಿಂದ, ಹಾಗಾಗಿ ಹೆಸರಾಗದ ಆಟಗಾರನ ಅಚ್ಚಕ್ಷರ ವೃತ್ತಿಪರ ಬ್ಯಾಟ್ ಎನ್ನುವ ವಾದಕ್ಕೆ ಬಲ ಕೊಡುತ್ತದೆ. ಮೈನರ್ ಲೀಗ್ ಆಟಗಾರರಿಗೂ ಇದೇ ರೀತಿ ಒತ್ತುತ್ತಿದ್ದರು, ಅದನ್ನು ಮರೆಯಬೇಡಿ.

ಓರೆಗೀಟಿನ ಜೊತೆ ಸಂಖ್ಯೆ ಇದ್ದರೆ ತಾರೀಖಿನ ಚೂರು ಇರಬಹುದು. ಈಗ 1944ರಿಂದ 1975ರವರೆಗಿನ ಆಟಗಾರರ ಪಟ್ಟಿ ತೆಗೆದು, ಇಆರ್‌ನಲ್ಲಿ ಮುಗಿಯುವ, ಬಿ ಅಥವಾ ಆರ್‌ನಿಂದ ಶುರುವಾಗುವ ಆರೇಳು ಅಕ್ಷರದ ಕುಲನಾಮಗಳನ್ನು ಬರೆದುಕೊಳ್ಳಿ. ಹೊಡೆತದ ಗುರುತು ಎಡಬದಿಯಲ್ಲಿ ದಟ್ಟ ಎಂದಿರಿ, ಬಲಗೈ ಬ್ಯಾಟರ್‌ಗಳನ್ನು ಮೇಲೆ ಇಡಿ, ಉಳಿದವರನ್ನು ಕೈಬಿಡಬೇಡಿ. ಮೊದಲಕ್ಷರದ ಮೇಲೆ ಟಾರ್ಚನ್ನು ಬ್ಯಾರೆಲ್ ತುದಿಯ ಕಡೆಯಿಂದ ಬಿಟ್ಟು ಇನ್ನೊಂದು ಫೋಟೊ ತೆಗೆಯಿರಿ. ಬಿ ಆದರೆ ಕೆಳಗಿನ ಹೊಟ್ಟೆ ಮುಚ್ಚಿರುತ್ತದೆ, ಆರ್ ಆದರೆ ಕಾಲು ಹೊರಗೆ ಚಾಚಿರುತ್ತದೆ. ಆ ಫೋಟೊ ಇಲ್ಲಿ ಹಾಕಿ, ಪಟ್ಟಿಯನ್ನು ಸೇರಿ ಸೋಸೋಣ.